ವಿಂಡೋಸ್ 10 ಬಳಸುತ್ತಿದ್ದ ಹಳೆಯ ಕಂಪ್ಯೂಟರ್‌ಗೆ ಲಿನಕ್ಸ್ ಮಿಂಟ್ 22 ಹಾಕಿದರೆ ಎಲ್ಲವೂ ಸರಿಹೋಗುತ್ತದೆಯೇ?

ವಿಂಡೋಸ್ 10ರ ಕಾಲ ಮುಗಿಯಿತು, ಆ ಕಂಪ್ಯೂಟರ್‌ಗಳು ಇನ್ನು ಕೆಲಸ ಮಾಡುವುದಿಲ್ಲ, ಲಿನಕ್ಸ್ ಮಿಂಟ್ ಹಾಕಿಕೊಂಡರೆ ಹಳೆಯದು ಹೊಸದಾಗುತ್ತದೆ, ಅದಕ್ಕೆ ವೈರಸ್ಸೇ ಬರುವುದಿಲ್ಲ ಎಂಬ ಅರ್ಥದ ಸಂದೇಶಗಳು ಒಬ್ಬರಿಂದ ಒಬ್ಬರಿಗೆ ಫಾರ್ವರ್ಡ್ ಆಗುತ್ತಿರುತ್ತವೆ. ಇದರಲ್ಲಿ ಸ್ವಲ್ಪ ನಿಜ, ಸ್ವಲ್ಪ ಉತ್ಪ್ರೇಕ್ಷೆ, ಸ್ವಲ್ಪ ಅಪಾಯ ಮೂರೂ ಸೇರಿವೆ. ಒಂದೊಂದಾಗಿ ನೋಡೋಣ.

ವಿಂಡೋಸ್ 10 ನಿಂತುಹೋಗಿದೆಯೇ?

ಇಲ್ಲ. 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ. ಕಂಪ್ಯೂಟರ್ ಮೊದಲಿನಂತೆಯೇ ಆನ್ ಆಗುತ್ತದೆ, ಕಡತಗಳು ತೆರೆಯುತ್ತವೆ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ತೇಪೆ ಬರುವುದಿಲ್ಲ. ಮನೆಬಳಕೆದಾರರು ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯುವ ವ್ಯವಸ್ಥೆಯನ್ನೂ ಕಂಪನಿ ಮಾಡಿದೆ. ಆದ್ದರಿಂದ ಗಾಬರಿಯಿಂದ ಕಂಪ್ಯೂಟರ್ ಅನ್ನು ಗುಜರಿಗೆ ಹಾಕಬೇಕಿಲ್ಲ.

ಲಿನಕ್ಸ್ ಮಿಂಟ್ 22 ಎಂದರೇನು?

ಲಿನಕ್ಸ್ ಮಿಂಟ್ 2006ರಿಂದ ಬರುತ್ತಿರುವ ಉಚಿತ ಕಾರ್ಯಾಚರಣಾ ವ್ಯವಸ್ಥೆ. ಅದರ 22ನೇ ಆವೃತ್ತಿ 'ವಿಲ್ಮಾ' 2024ರ ಜುಲೈನಲ್ಲಿ ಬಿಡುಗಡೆಯಾಯಿತು. ಇದರ ಬುನಾದಿ ಉಬುಂಟು 24.04. ಹಾಗಾಗಿ ಭದ್ರತಾ ಅಪ್‌ಡೇಟ್‌ಗಳು 2029ರವರೆಗೆ ಬರುತ್ತವೆ. 22.1, 22.2 ಎಂಬ ನಂತರದ ಬಿಡುಗಡೆಗಳು ಇದೇ ಸರಣಿಯ ಸುಧಾರಿತ ರೂಪಗಳು. ಒಮ್ಮೆ 22 ಹಾಕಿಕೊಂಡವರು ಎಲ್ಲವನ್ನೂ ಅಳಿಸದೆಯೇ, ಅಪ್‌ಡೇಟ್ ಮ್ಯಾನೇಜರ್‌ ಮೂಲಕ ಇವುಗಳಿಗೆ ಹೋಗಬಹುದು.

ಸಿನಮನ್, ಎಂಎಟಿಇ, ಎಕ್ಸ್‌ಎಫ್‌ಸಿಇ ಎಂಬ ಮೂರು ರೂಪಗಳಲ್ಲಿ ಇದು ಸಿಗುತ್ತದೆ. ಸಿನಮನ್‌ನ ಪರದೆ ವಿಂಡೋಸ್ ಬಳಸಿದವರಿಗೆ ಪರಿಚಿತವೆನಿಸುತ್ತದೆ: ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು. ಕಡಿಮೆ ಶಕ್ತಿಯ ಯಂತ್ರಗಳಿಗೆ ಎಕ್ಸ್‌ಎಫ್‌ಸಿಇ ಹಗುರ.

ಈ ಆವೃತ್ತಿಯಲ್ಲಿ ಸಾಮಾನ್ಯ ಬಳಕೆದಾರರಿಗೆ ಮುಖ್ಯವಾದ ಬದಲಾವಣೆ ಒಂದಿದೆ. ಆ್ಯಪ್‌ಗಳನ್ನು ಹಾಕಿಕೊಳ್ಳುವ ಸಾಫ್ಟ್‌ವೇರ್ ಮ್ಯಾನೇಜರ್, ಮೂಲ ತಯಾರಕರೇ ಪ್ರಕಟಿಸಿದ್ದು ಎಂದು ದೃಢಪಡದ ಫ್ಲಾಟ್‌ಪ್ಯಾಕ್ ಆ್ಯಪ್‌ಗಳನ್ನು ತಾನಾಗಿ ತೋರಿಸುವುದಿಲ್ಲ. ಬೇಕೆಂದರೆ ನೀವೇ ಸೆಟ್ಟಿಂಗ್ಸ್‌ನಲ್ಲಿ ಅನುಮತಿಸಬೇಕು. ಹೆಸರಾಂತ ಆ್ಯಪ್‌ನ ಹೆಸರಿನಲ್ಲಿ ಬೇರೆ ಯಾರೋ ಕೂಡಿಸಿಟ್ಟದ್ದನ್ನು ತಿಳಿಯದೇ ಹಾಕಿಕೊಳ್ಳುವ ಸಾಧ್ಯತೆ ಇದರಿಂದ ಕಡಿಮೆಯಾಗುತ್ತದೆ.

ಎಲ್ಲಾ ಹಳೆಯ ಕಂಪ್ಯೂಟರ್‌ಗೂ ಆಗುತ್ತದೆಯೇ?

ಇಲ್ಲ. ಮಿಂಟ್ 22ಕ್ಕೆ 64 ಬಿಟ್ ಪ್ರೊಸೆಸರ್ ಬೇಕೇ ಬೇಕು. ಕನಿಷ್ಠ 2 ಜಿಬಿ ರ‍್ಯಾಮ್, 20 ಜಿಬಿ ಜಾಗ ಇರಬೇಕು. ಹಿತವಾಗಿ ಬಳಸಲು 4 ಜಿಬಿ ರ‍್ಯಾಮ್, 100 ಜಿಬಿ ಜಾಗ ಇರಲಿ ಎಂದು ತಂಡವೇ ಹೇಳುತ್ತದೆ. 2 ಜಿಬಿಯಲ್ಲಿ ಬ್ರೌಸರ್‌ನ ನಾಲ್ಕು ಟ್ಯಾಬ್ ತೆರೆದರೆ ಏದುಸಿರು ಬರುವುದು ಸಹಜ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಆಗುವ ವ್ಯತ್ಯಾಸವನ್ನು ಯಾವ ಸಾಫ್ಟ್‌ವೇರೂ ತರಲಾರದು.

ಇನ್ನೊಂದು ಕಡೆ, ತೀರಾ ಹೊಸ ಲ್ಯಾಪ್‌ಟಾಪ್‌ನಲ್ಲೂ ತೊಂದರೆ ಬರಬಹುದು. ಮಿಂಟ್ 22ರ ಒಳಗಿನ ಕರ್ನೆಲ್ 6.8. ಅದಕ್ಕಿಂತ ಈಚೆಗೆ ಬಂದ ವೈಫೈ ಚಿಪ್ ಅದಕ್ಕೆ ಗೊತ್ತಿಲ್ಲದಿರಬಹುದು. ಅಂಥವರು 6.14 ಕರ್ನೆಲ್ ಇರುವ 22.2ನ್ನು ಪ್ರಯತ್ನಿಸುವುದು ಒಳ್ಳೆಯದು.

ನನ್ನ ಸಾಫ್ಟ್‌ವೇರ್‌ಗಳು ನಡೆಯುತ್ತವೆಯೇ?

ನಿರ್ಧಾರ ನಿಂತಿರುವುದು ಇದರ ಮೇಲೆಯೇ. ಇಂಟರ್ನೆಟ್, ಯೂಟ್ಯೂಬ್, ಇಮೇಲ್, ಬ್ರೌಸರ್‌ನಲ್ಲಿ ನಡೆಯುವ ಬ್ಯಾಂಕ್ ವ್ಯವಹಾರ ಇಷ್ಟಕ್ಕೇ ಆದರೆ ತೊಂದರೆ ಇಲ್ಲ. ಫೈರ್‌ಫಾಕ್ಸ್ ಮತ್ತು ಲಿಬ್ರೆಆಫೀಸ್ ಜೊತೆಯಲ್ಲೇ ಬರುತ್ತವೆ. ಆದರೆ ಡೆಸ್ಕ್‌ಟಾಪ್‌ನ ಎಂಎಸ್ ಆಫೀಸ್, ಫೋಟೋಶಾಪ್, ಟ್ಯಾಲಿ ಮುಂತಾದವು ವಿಂಡೋಸ್‌ಗಾಗಿ ಮಾಡಿದವು, ಇಲ್ಲಿ ನೇರವಾಗಿ ನಡೆಯುವುದಿಲ್ಲ. ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿದ್ದರೆ, ಡಿಜಿಟಲ್ ಸಹಿಯ ಟೋಕನ್ ಬಳಸುತ್ತಿದ್ದರೆ ಮೊದಲು ವಿಚಾರಿಸಿ, ಆಮೇಲೆ ಮುಂದುವರಿಯಿರಿ.

ಕನ್ನಡದ ಮಟ್ಟಿಗೆ, ಯುನಿಕೋಡ್ ಅಕ್ಷರಗಳು ಸರಿಯಾಗಿ ಕಾಣುತ್ತವೆ. ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ ಕಗಪ ವಿನ್ಯಾಸ ಆರಿಸಿಕೊಂಡು ಟೈಪ್ ಮಾಡಬಹುದು. ಆದರೆ ಯುನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿರುವ ಕಡತಗಳು, ಆ ಫಾಂಟ್ ಇಲ್ಲದಿದ್ದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅವನ್ನು ಮೊದಲೇ ಯುನಿಕೋಡ್‌ಗೆ ಬದಲಿಸಿಟ್ಟುಕೊಳ್ಳಿ.

ಲಿನಕ್ಸ್‌ಗೆ ವೈರಸ್ ಬರುವುದಿಲ್ಲವೇ?

ಬರುತ್ತದೆ. ಮನೆ ಕಂಪ್ಯೂಟರ್‌ಗಳಲ್ಲಿ ಲಿನಕ್ಸ್ ಬಳಸುವವರು ಕಡಿಮೆ, ಆದ್ದರಿಂದ ಅವರನ್ನು ಗುರಿಮಾಡುವ ದಾಳಿಗಳೂ ಕಡಿಮೆ. ಒಟಿಪಿ ಕೇಳಿ ವಂಚಿಸುವವರಿಗಂತೂ ನೀವು ಯಾವ ವ್ಯವಸ್ಥೆ ಬಳಸುತ್ತೀರಿ ಎಂಬುದು ಮುಖ್ಯವೇ ಅಲ್ಲ.

ಮಿಂಟ್‌ನದೇ ಒಂದು ಉದಾಹರಣೆ ಇದೆ. 2016ರ ಫೆಬ್ರವರಿ 20ರಂದು ದುಷ್ಕರ್ಮಿಗಳು ಅದರ ಜಾಲತಾಣಕ್ಕೆ ನುಗ್ಗಿ, ಡೌನ್‌ಲೋಡ್ ಕೊಂಡಿಯನ್ನು ತಾವು ತಿದ್ದಿದ 17.3 ಸಿನಮನ್ ಆವೃತ್ತಿಯ ಕಡತಕ್ಕೆ ತಿರುಗಿಸಿದ್ದರು. ಅದರೊಳಗೆ ಹಿಂಬಾಗಿಲು ಇತ್ತು. ತಂಡವೇ ಇದನ್ನು ಬಹಿರಂಗಪಡಿಸಿ, ಆ ದಿನ ಇಳಿಸಿಕೊಂಡವರಿಗೆ ಎಚ್ಚರಿಕೆ ಕೊಟ್ಟಿತು.

ಅಧಿಕೃತ ತಾಣದಲ್ಲೇ ಹೀಗಾಗಬಹುದಾದರೆ, ವಾಟ್ಸಾಪ್‌ನಲ್ಲಿ ಬಂದ ಡೌನ್‌ಲೋಡ್ ಕೊಂಡಿಯನ್ನು ನಂಬುವುದು ಹೇಗೆ? ಮಿಂಟ್ ತಂಡ ಪ್ರತಿ ಕಡತಕ್ಕೂ ಎಸ್‌ಎಚ್‌ಎ256 ಎಂಬ ಸಂಕೇತವನ್ನು ಪ್ರಕಟಿಸುತ್ತದೆ. ಇದು ಕಡತದ ಬೆರಳಚ್ಚು ಇದ್ದಂತೆ: ಒಂದು ಅಕ್ಷರ ಬದಲಾದರೂ ಸಂಕೇತ ಪೂರ್ತಿ ಬೇರೆಯಾಗುತ್ತದೆ. ಸಂಕೇತದ ಪಟ್ಟಿಯನ್ನೇ ಯಾರಾದರೂ ತಿದ್ದಿದರೆ ಗೊತ್ತಾಗಲೆಂದು ಅದಕ್ಕೆ ತಂಡದ ಡಿಜಿಟಲ್ ಸಹಿಯೂ ಇರುತ್ತದೆ. ಎರಡನ್ನೂ ಪರೀಕ್ಷಿಸುವ ಕ್ರಮ ಅವರ ಅಧಿಕೃತ ಕೈಪಿಡಿಯಲ್ಲಿದೆ.

ಹಾಕಿಕೊಳ್ಳುವ ಮುನ್ನ ಏನು ಮಾಡಬೇಕು?

• ಫೋಟೋ, ದಾಖಲೆ ಎಲ್ಲವನ್ನೂ ಬೇರೆ ಡಿಸ್ಕ್‌ಗೆ ನಕಲು ಮಾಡಿ, ತೆರೆದು ನೋಡಿ. ಅಳವಡಿಸುವಾಗ ಡಿಸ್ಕ್ ಪೂರ್ತಿ ಅಳಿಸುವ ಆಯ್ಕೆ ಒತ್ತಿದರೆ ವಿಂಡೋಸ್ ಜೊತೆ ನಿಮ್ಮ ಕಡತಗಳೂ ಹೋಗುತ್ತವೆ.
• ಸುಮಾರು 3 ಜಿಬಿಯ ಕಡತವನ್ನು ಮಿಂಟ್‌ನ ಅಧಿಕೃತ ತಾಣದಿಂದಲೇ ಇಳಿಸಿಕೊಂಡು, ಪರೀಕ್ಷಿಸಿ, ಖಾಲಿ ಪೆನ್‌ಡ್ರೈವ್‌ಗೆ ಬರೆಯಿರಿ.
• ಪೆನ್‌ಡ್ರೈವ್‌ನಿಂದಲೇ ಕಂಪ್ಯೂಟರ್ ಆರಂಭಿಸಿ. ಏನನ್ನೂ ಅಳವಡಿಸದೆಯೇ ಮಿಂಟ್ ನಡೆಯುತ್ತದೆ. ವೈಫೈ, ಧ್ವನಿ, ಕ್ಯಾಮೆರಾ, ಪ್ರಿಂಟರ್ ಪರೀಕ್ಷಿಸಿ. ಈ ಹಂತದಲ್ಲಿ ವೇಗ ಕಡಿಮೆ ಇರುತ್ತದೆ, ಅದನ್ನು ನೋಡಿ ತೀರ್ಮಾನಿಸಬೇಡಿ.
• ಯಾವುದಾದರೂ ಕೆಲಸ ಮಾಡದಿದ್ದರೆ ಕಂಪ್ಯೂಟರ್ ಆಫ್ ಮಾಡಿ, ಪೆನ್‌ಡ್ರೈವ್ ತೆಗೆದುಬಿಡಿ. ನಿಮ್ಮ ವಿಂಡೋಸ್ ಇದ್ದಂತೆಯೇ ಇರುತ್ತದೆ.

ಕೊನೆಯ ಮಾತು

ಬ್ರೌಸರ್ ಬಳಕೆಯೇ ಹೆಚ್ಚಾಗಿರುವ, 4 ಜಿಬಿ ರ‍್ಯಾಮ್ ಇರುವ ಹಳೆಯ ಕಂಪ್ಯೂಟರ್‌ಗೆ ಮಿಂಟ್ 22 ಒಳ್ಳೆಯ ಆಯ್ಕೆ. ವಿಂಡೋಸ್‌ನ ನಿರ್ದಿಷ್ಟ ಸಾಫ್ಟ್‌ವೇರ್ ಮೇಲೆ ದುಡಿಮೆ ನಿಂತಿರುವವರಿಗೆ ಅಲ್ಲ. ಸಂದೇಶ ಫಾರ್ವರ್ಡ್ ಮಾಡುವುದಾದರೆ ಈ ಎರಡನೆಯ ವಾಕ್ಯವನ್ನೂ, ಬ್ಯಾಕಪ್‌ನ ಮಾತನ್ನೂ ಸೇರಿಸಿ ಕಳುಹಿಸಿ.