ಸಾತ್ತ್ವಿಕಭಾವಗಳೂ ಮನೋವೈದ್ಯವೂ

ಮುಖದ ಬಣ್ಣ ಕೆಡುವುದು, ಅಂಗೈ ಬೆವರುವುದು, ಕಂಠ ಬಿಗಿಯುವುದು ಇವೆಲ್ಲ ನಮ್ಮ ಅಪ್ಪಣೆಯನ್ನು ಕೇಳಿ ನಡೆಯತಕ್ಕ ಕ್ರಿಯೆಗಳಲ್ಲ. ಆದಕಾರಣ ಬಾಯಿ ಮರೆಮಾಚಿದುದನ್ನು ದೇಹವು ಹೊರಗೆಡಹುವುದುಂಟು. ಭರತನ ನಾಟ್ಯಶಾಸ್ತ್ರದ ಏಳನೆಯ ಅಧ್ಯಾಯದಲ್ಲಿ ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ಕಂಪ, ವೈವರ್ಣ್ಯ, ಅಶ್ರು, ಪ್ರಲಯ ಎಂಬ ಎಂಟು ಸಾತ್ತ್ವಿಕಭಾವಗಳು ವಿವರಿಸಲ್ಪಟ್ಟಿವೆ. ಇಲ್ಲಿ ವಾಚಕರು ಗಮನಿಸತಕ್ಕ ವಿಶೇಷವೊಂದಿದೆ. ಒಂದೊಂದು ಚಿಹ್ನೆಗೂ ಭರತನು ಅನೇಕ ಕಾರಣಗಳನ್ನು ಹೇಳುವನು. ಸ್ತಂಭವು ಭಯದಿಂದ ಹುಟ್ಟೀತು. ಹರ್ಷ, ವಿಸ್ಮಯ, ವಿಷಾದ, ರೋಷಗಳಿಂದಲೂ ಹುಟ್ಟೀತು.

ವೈದ್ಯರ ಮತವೂ ಇದಕ್ಕೆ ಅನುಗುಣವಾಗಿಯೇ ಇದೆ. ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರರಿಂದ ರೋಗಿಯನ್ನು ಪರೀಕ್ಷಿಸಬೇಕೆಂದು ವಾಗ್ಭಟನು ಅಷ್ಟಾಂಗಹೃದಯದಲ್ಲಿ ವಿಧಿಸಿರುವನು. ಕಂಡಮಾತ್ರಕ್ಕೆ ನಿರ್ಣಯವಿಲ್ಲ, ಕೇಳಲೇಬೇಕು.

ಪಾಶ್ಚಾತ್ಯರಲ್ಲಿ ಡಾರ್ವಿನ್ 1872ರಲ್ಲಿ ಮನುಷ್ಯರ ಮತ್ತು ಪ್ರಾಣಿಗಳ ಭಾವಪ್ರಕಾಶವನ್ನು ಕುರಿತು ಗ್ರಂಥ ಬರೆದನು. ಭಯಕ್ರೋಧಗಳಲ್ಲಿ ಅಡ್ರಿನಲಿನ್ ರಸವು ರಕ್ತವನ್ನು ಸೇರಿ, ದೇಹವನ್ನು ಹೋರಾಟಕ್ಕೋ ಪಲಾಯನಕ್ಕೋ ಅಣಿಮಾಡುವುದೆಂದು ಅಮೆರಿಕದ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರಿಸಿದನು. ಭರತನು ಹೇಳಿದ ಸ್ವೇದ, ಕಂಪ, ವೈವರ್ಣ್ಯಗಳಿಗೆ ಹೀಗೆ ನರಮಂಡಲದಲ್ಲಿ ಮೂಲವು ದೊರೆಯಿತು.

ನಮ್ಮ ನಾಡಿನಲ್ಲಿ ಈ ವಿದ್ಯೆಯು ನೆಲೆಗೊಂಡ ಬಗೆಯೂ ಸ್ಮರಣೀಯ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. ಬೆಂಗಳೂರಿನ ಹುಚ್ಚಾಸ್ಪತ್ರೆಯು 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನು ಪಡೆಯಿತು. 1954ರಲ್ಲಿ ಅದರೊಡನೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಏರ್ಪಟ್ಟು, ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಪ್ರಥಮ ನಿರ್ದೇಶಕರಾದರು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಹಿಂದೆ ಕೂಡಿಹಾಕಲ್ಪಡುತ್ತಿದ್ದವನು ಈಗ ಕೇಳಲ್ಪಡಬೇಕಾದವನಾದನು.

ಈಗಿನ ಮನೋಚಿಕಿತ್ಸಕರು ಎದುರಿಗೆ ಕುಳಿತವನ ಉಸಿರಾಟ, ದೃಷ್ಟಿ, ಧ್ವನಿ, ಹೆಗಲಿನ ಬಿಗುವುಗಳನ್ನು ಗಮನಿಸುವರು. ಮೌನವೆಲ್ಲ ಶಾಂತಿಯಲ್ಲ, ಅತಿಭಯದಲ್ಲಿ ದೇಹವೇ ಕಲ್ಲಾಗುವುದುಂಟು. ಆದರೆ ಚಿಹ್ನೆಯನ್ನು ಕಂಡೊಡನೆ ತೀರ್ಪು ಕೊಡದೆ, ನಿಮಗೆ ಈಗ ಹೇಗಿದೆಯೆಂದು ಮೆಲ್ಲನೆ ವಿಚಾರಿಸುವುದೇ ಅವರಲ್ಲಿ ವಿವೇಕಿಗಳ ಮಾರ್ಗ.

ಸುಮಾರು ನಲವತ್ತು ವರ್ಷಗಳ ಹಿಂದೆ ಹಂಪಾಪುರದ ಕಡೆ ನಾನು ಪಾಠ ಹೇಳುತ್ತಿದ್ದಾಗ, ಬಾಲಕನೊಬ್ಬನು ನನ್ನ ಪ್ರಶ್ನೆಗೆ ಉತ್ತರ ಕೊಡದೆ ಕಂಬದಂತೆ ನಿಂತನು. ಉದ್ಧಟತನವೆಂದು ಬಗೆದು ಬೆತ್ತವನ್ನೆತ್ತಿದೆನು. ಅವನ ತಾಯಿಯು ಹಿಂದಿನ ರಾತ್ರಿ ಜ್ವರದಲ್ಲಿ ಪ್ರಜ್ಞೆ ತಪ್ಪಿದ್ದಳೆಂದು ಸಂಜೆಗೆ ತಿಳಿಯಿತು. ಸಾತ್ತ್ವಿಕಭಾವಗಳೆಂಟೂ ನನಗೆ ಕಂಠಸ್ಥವಾಗಿದ್ದುವು. ಕಣ್ಣೆದುರಿನ ಸ್ತಂಭವನ್ನು ಮಾತ್ರ ಗುರುತಿಸಲಿಲ್ಲ. ದರ್ಶನವಾಗಿತ್ತು, ಪ್ರಶ್ನವಾಗಲಿಲ್ಲ. ಮನೆಯಲ್ಲಿ ಮಕ್ಕಳು ಮೌನವಾಗಿ ನಿಂತಾಗ ಹಿರಿಯರು ಈ ಒಂದು ಮಾತನ್ನು ನೆನೆದರೆ ಸಾಕು.