ಬ್ಯಾಕ್ಟೀರಿಯಾಗಳಲ್ಲಿ ಸಸ್ಯ ಹಿಮೋಗ್ಲೋಬಿನ್ ಉತ್ಪಾದನೆ ಮತ್ತು ಒತ್ತಡ ಸಹಿಷ್ಣುತೆ: ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ರಕ್ತಕ್ಕೆ ಕೆಂಪು ಬಣ್ಣ ನೀಡುವ ಹಿಮೋಗ್ಲೋಬಿನ್ ವರ್ಗದ ಪ್ರೋಟೀನುಗಳು ಸಸ್ಯಗಳಲ್ಲಿಯೂ ಇರುತ್ತವೆ. ದ್ವಿದಳ ಬೆಳೆಗಳ ಬೇರುಗಂಟುಗಳಲ್ಲಿರುವ ಲೆಗ್‌ಹಿಮೋಗ್ಲೋಬಿನ್ ಅನ್ನು 1939ರಲ್ಲಿ ಜಪಾನಿನ ವಿಜ್ಞಾನಿ ಕುಬೊ ಅವರು ಗುರುತಿಸಿದರು. ತೊಗರಿ, ಶೇಂಗಾ ಮುಂತಾದ ಬೆಳೆಗಳ ಸಕ್ರಿಯ ಬೇರುಗಂಟನ್ನು ಕತ್ತರಿಸಿದಾಗ ಕಂಡುಬರುವ ನಸುಗೆಂಪು ಬಣ್ಣಕ್ಕೆ ಇದೇ ಕಾರಣ. ಬೇರುಗಂಟುಗಳಿಲ್ಲದ ಭತ್ತ, ಬಾರ್ಲಿ ಬೆಳೆಗಳಲ್ಲಿಯೂ ಬೇರೊಂದು ಬಗೆಯ ಹಿಮೋಗ್ಲೋಬಿನ್ ಅಲ್ಪ ಪ್ರಮಾಣದಲ್ಲಿರುತ್ತದೆ.

2. ಕಾರ್ಯವಿಧಾನ

ಪ್ರಯೋಗಾಲಯಗಳಲ್ಲಿ ಇಂತಹ ಪ್ರೋಟೀನಿನ ವಂಶವಾಹಿಯನ್ನು ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಅದರಲ್ಲಿಯೇ ಪ್ರೋಟೀನನ್ನು ಉತ್ಪಾದಿಸಲಾಗುತ್ತದೆ. ಬ್ಯಾಕ್ಟೀರಿಯಾಗಳಿಗೆ ಒತ್ತಡವುಂಟುಮಾಡುವ ವಸ್ತುಗಳಲ್ಲಿ ನೈಟ್ರಿಕ್ ಆಕ್ಸೈಡ್ ಅನಿಲವು ಪ್ರಮುಖವಾದುದು. ಇದು ಉಸಿರಾಟದ ಕಿಣ್ವಗಳನ್ನು ತಡೆದು ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಈ ಅನಿಲವನ್ನು ನೈಟ್ರೇಟ್ ಆಗಿ ಪರಿವರ್ತಿಸುತ್ತದೆ. ಆದರೆ ಈ ಕ್ರಿಯೆಯಲ್ಲಿ ಅದರ ಕಬ್ಬಿಣದ ಅಂಶವು ಆಮ್ಲಜನಕವನ್ನು ಹಿಡಿಯಲಾಗದ ರೂಪಕ್ಕೆ ತಿರುಗುತ್ತದೆ. ಅದನ್ನು ಪೂರ್ವಸ್ಥಿತಿಗೆ ತರಲು ಮತ್ತೊಂದು ಕಿಣ್ವದ ನೆರವು ಅವಶ್ಯಕ.

3. ಮಿತಿಗಳು

ಇ. ಕೋಲಿಯ ಸ್ವಂತ ಫ್ಲೇವೋಹಿಮೋಗ್ಲೋಬಿನ್‌ನಲ್ಲಿ ಈ ಎರಡೂ ಭಾಗಗಳು ಒಂದೇ ಅಣುವಿನಲ್ಲಿವೆ. ಸಸ್ಯ ಹಿಮೋಗ್ಲೋಬಿನ್‌ನಲ್ಲಿ ಎರಡನೆಯ ಭಾಗವಿಲ್ಲ. ಭತ್ತದ ಹಿಮೋಗ್ಲೋಬಿನ್ ಫ್ಲೇವೋಹಿಮೋಗ್ಲೋಬಿನ್‌ಗೆ ಬದಲಿಯಾಗಬಲ್ಲುದೇ ಎಂಬುದನ್ನು ಇ. ಕೋಲಿಯಲ್ಲಿ ಪರೀಕ್ಷಿಸಿದ 2008ರ ಅಧ್ಯಯನವೊಂದು, ಅದಕ್ಕೆ ಈ ಕಾರ್ಯದಲ್ಲಿ ವಿಶೇಷ ಸಾಮರ್ಥ್ಯ ಕಂಡುಬಂದಿಲ್ಲವೆಂದೂ, ಕಬ್ಬಿಣವನ್ನು ಪುನಃ ಸಿದ್ಧಪಡಿಸುವ ವ್ಯವಸ್ಥೆಯೇ ನಿರ್ಣಾಯಕವೆಂದೂ ತಿಳಿಸಿದೆ. ಇದಲ್ಲದೆ ಹಿಮೋಗ್ಲೋಬಿನ್ ತಾನಾಗಿಯೇ ಉತ್ಕರ್ಷಣೆಗೊಂಡಾಗ ಹಾನಿಕಾರಕ ಸೂಪರ್‌ಆಕ್ಸೈಡ್ ಉಂಟಾಗುತ್ತದೆ. ಆದುದರಿಂದ ಹಿಮೋಗ್ಲೋಬಿನ್ ಸೇರಿಸಿದ ಮಾತ್ರಕ್ಕೆ ಬ್ಯಾಕ್ಟೀರಿಯಾವು ಎಲ್ಲ ಬಗೆಯ ಒತ್ತಡವನ್ನು ಸಹಿಸುತ್ತದೆ ಎಂದು ಭಾವಿಸತಕ್ಕದ್ದಲ್ಲ.

4. ಅರ್ಜಿದಾರರ ಗಮನಕ್ಕೆ

ಅ) ವಂಶವಾಹಿ ಮಾರ್ಪಡಿಸಿದ ಸೂಕ್ಷ್ಮಜೀವಿಗಳ ತಯಾರಿಕೆ, ಬಳಕೆ ಮತ್ತು ಸಂಗ್ರಹಣೆಯು ಪರಿಸರ (ಸಂರಕ್ಷಣೆ) ಅಧಿನಿಯಮ, 1986ರ ಅಡಿಯಲ್ಲಿ ರಚಿತವಾದ 1989ರ ನಿಯಮಗಳಿಗೆ ಒಳಪಡುತ್ತದೆ. ಅನುಮೋದನೆಯಿಲ್ಲದೆ ಇವುಗಳನ್ನು ಹೊಲಗಳಲ್ಲಿ ಬಳಸುವಂತಿಲ್ಲ.

ಆ) ಅರ್ಜಿಯಲ್ಲಿ ಯಾವ ಸಸ್ಯದ ವಂಶವಾಹಿ, ಯಾವ ಬ್ಯಾಕ್ಟೀರಿಯಾ ಹಾಗೂ ಯಾವ ಒತ್ತಡದ ವಿರುದ್ಧ ಪರೀಕ್ಷಿಸಲಾಗಿದೆ ಎಂಬುದನ್ನು ಸ್ಪಷ್ಟವಾಗಿ ನಮೂದಿಸುವುದು ಸೂಕ್ತ.

ಇ) ಬೀಜೋಪಚಾರಕ್ಕೆ ಬಳಸುವ ಸಾಮಾನ್ಯ ರೈಜೋಬಿಯಂ ಜೈವಿಕ ಗೊಬ್ಬರಕ್ಕೆ ಹಿಮೋಗ್ಲೋಬಿನ್ ವಂಶವಾಹಿಯನ್ನು ಸೇರಿಸುವ ಅಗತ್ಯವಿರುವುದಿಲ್ಲ, ಬೇರುಗಂಟಿನಲ್ಲಿ ಲೆಗ್‌ಹಿಮೋಗ್ಲೋಬಿನ್ ಅನ್ನು ಸಸ್ಯವೇ ತಯಾರಿಸಿಕೊಳ್ಳುತ್ತದೆ. ರಸಗೊಬ್ಬರ (ನಿಯಂತ್ರಣ) ಆದೇಶ, 1985ರ ಪ್ರಕಾರ ಪುಡಿ ರೂಪದ ರೈಜೋಬಿಯಂ ಗೊಬ್ಬರದ ಪ್ರತಿ ಗ್ರಾಂನಲ್ಲಿ ಕನಿಷ್ಠ 5 ಕೋಟಿ ಜೀವಂತ ಜೀವಕೋಶಗಳಿರಬೇಕು. ಖರೀದಿಸುವಾಗ ರೈತ ಬಾಂಧವರು ಪೊಟ್ಟಣದ ಮೇಲಿನ ಅವಧಿ ಮುಕ್ತಾಯದ ದಿನಾಂಕವನ್ನು ಪರಿಶೀಲಿಸತಕ್ಕದ್ದು.