ಹಾದಿ ಹಾಕಿದವರು, ಹಾದಿ ಕಾಯ್ದವರು

ಅಕ್ಕಾರ, ವೈನಿಯಾರ, ಹೋದ ಸಲಾ ಮಸಾಲಿ ಖಾರದ ಬಗ್ಗೆ ಬರದಿದ್ದೆ. ಈ ಸಲಾ ಅಮೆರಿಕಾದ ಒಂದು ಕಾಲುಹಾದಿಯ ಇತಿಹಾಸ ಬರೀಲಿಕ್ಕೆ ಕೂತೀನಿ. "ನಮಗ್ಯಾಕವಾ ಅಲ್ಲಿ ಹಾದಿ ಸುದ್ದಿ" ಅನಬ್ಯಾಡ್ರಿ. ನಮ್ಮ ಓಣಿಯ ಎಷ್ಟೋ ಮನಿ ಮಕ್ಕಳು ಅಲ್ಲೇ ಇದ್ದಾರ, ಸೂಟಿ ಬಂದ್ರ ಗುಡ್ಡಾ ಹತ್ತಲಿಕ್ಕೆ ಹೋಗ್ತಾರ. ಅವರು ನಡಿಯೋ ಹಾದಿಯೊಳಗ ಭಾಳ ಹೆಸರಾದದ್ದು ಅಪಲಾಚಿಯನ್ ಟ್ರೇಲ್.

ದಕ್ಷಿಣದಾಗ ಜಾರ್ಜಿಯಾ ರಾಜ್ಯದ ಸ್ಪ್ರಿಂಗರ್ ಗುಡ್ಡದಿಂದ ಉತ್ತರದಾಗ ಮೇನ್ ರಾಜ್ಯದ ಕಟಾಡಿನ್ ಗುಡ್ಡದ ತನಕ, 14 ರಾಜ್ಯ ದಾಟಿ ಹೋಗ್ತದ. ಉದ್ದ ಹತ್ರಹತ್ರ 2,190 ಮೈಲಿ, ಅಂದ್ರ ಮೂರೂವರೆ ಸಾವಿರ ಕಿಲೋಮೀಟರ್. ನಮ್ಮ ಧಾರವಾಡದಿಂದ ದಿಲ್ಲಿಗೆ ಹೋಗಿ ತಿರುಗಿ ಬಂದಷ್ಟು ಅನ್ನರಿ. ಇಷ್ಟು ಉದ್ದ ಹಾದಿಯನ್ನ ಬಹುಪಾಲು ಒಂದು ಪೈಸಾ ಪಗಾರ ಇಲ್ಲದ ಮಂದಿ ಹಾಕ್ಯಾರ, ಇವತ್ತಿಗೂ ಅಂಥವರೇ ನೋಡಿಕೋತಾರ. ಅದಕ್ಕ ನಂಗ ಇದರ ಕಥಿ ನಿಮ್ಗ ಹೇಳಬೇಕು ಅನಸ್ತು.

ಬೆಂಟನ್ ಮಕಾಯ್ ಅಂತ ಒಬ್ರು ಇದ್ರು. ಅರಣ್ಯಶಾಸ್ತ್ರ ಓದಿದವರು, ಸರ್ಕಾರದ ಅರಣ್ಯ ಇಲಾಖೆಯೊಳಗ ಕೆಲಸಾ ಮಾಡಿದವರು. ಅವರ ಹೆಂಡತಿ ಜೆಸ್ಸಿ ಹಾರ್ಡಿ ಸ್ಟಬ್ಸ್, ಹೆಂಗಸರಿಗೆ ಓಟಿನ ಹಕ್ಕು ಬೇಕು ಅಂತ ಹೋರಾಡಿದಾಕಿ. ಆ ಹಕ್ಕು ಅಲ್ಲೆ 1920ರಾಗ ಸಿಕ್ತು. ಮರುವರ್ಷ ಏಪ್ರಿಲ್‌ನಾಗ ಆಕಿ ಮನಸಿನ ಬ್ಯಾನಿ ತಾಳಲಾರದ ಜೀವಾ ಕಳಕೊಂಡಳು. ಆ ದುಃಖದಾಗ ಮಕಾಯ್ ನ್ಯೂಜರ್ಸಿಯ ಗೆಳೆಯರ ಕಡೆ ಹೋಗಿ ಉಳದ್ರು. ಆ ದಿನದಾಗ ಅವರು ಬರದದ್ದೇ ಈ ಹಾದಿಯ ಯೋಜನಾ. 1921ರ ಅಕ್ಟೋಬರ್‌ನಾಗ ವಾಸ್ತುಶಿಲ್ಪಿಗಳ ಪತ್ರಿಕೆಯೊಳಗ ಅದು ಅಚ್ಚಾತು. ಊರಾಗ ದುಡದು ದಣದ ಮಂದಿಗೆ ಗುಡ್ಡದ ಮ್ಯಾಲೆ ಉಸಿರಾಡಲಿಕ್ಕೆ ಜಾಗಾ ಬೇಕು, ಅಲ್ಲಲ್ಲೆ ಬಿಡಾರ, ಹೊಲಾ ಇರಬೇಕು, ಎಲ್ಲಾ ಒಂದು ಹಾದಿಯಿಂದ ಜೋಡಸಬೇಕು ಅನ್ನೋದು ಅವರ ವಿಚಾರ. ಬಿಡಾರ, ಹೊಲಾ ಕಾಗದದ ಮ್ಯಾಲೇ ಉಳದ್ವು. ಹಾದಿ ಅಷ್ಟ ನೆಲಕ್ಕ ಇಳೀತು.

1923ರಾಗ ನ್ಯೂಯಾರ್ಕ್ ಹತ್ರದ ಬೇರ್ ಮೌಂಟನ್ ಕಡೆ ಮೊದಲನೇ ತುಕಡಿ ತಯಾರಾತು. 1925ರಾಗ ವಾಷಿಂಗ್ಟನ್ನಿನೊಳಗ ಸಭಾ ಕೂಡಿ ಸಂಘಟನಾನೂ ಆತು. ಆಮ್ಯಾಲೆ ಕೆಲಸಾ ನಿಂತಂಗ ಆಗಿತ್ತು. ಮತ್ತ ಎತ್ತಿ ನಿಲ್ಲಿಸಿದವರು ಆರ್ಥರ್ ಪರ್ಕಿನ್ಸ್ ಅನ್ನೋ ನಿವೃತ್ತ ನ್ಯಾಯಾಧೀಶರು, ಅವರ ಕೂಡ ಮೈರನ್ ಏವರಿ ಅನ್ನೋ ಪ್ರಾಯದ ವಕೀಲರು. ಏವರಿ 1927ರಾಗ ವಾಷಿಂಗ್ಟನ್ನಿನೊಳಗ ಗೆಳೆಯರನ್ನ ಕೂಡಿಸಿ ಒಂದು ಕ್ಲಬ್ ಕಟ್ಟಿದ್ರು, 1931ರಿಂದ ಇಡೀ ಸಂಘಟನಾಕ್ಕ ಅಧ್ಯಕ್ಷರಾದ್ರು. ಸೈಕಲ್ ಗಾಲಿಗೆ ಮೀಟರ್ ಹಚ್ಚಿ, ಅದನ್ನ ಮುಂದ ನೂಕಿಕೋತ ಹಾದಿ ಅಳೀತಿದ್ರು. ತುಕಡಿ ತುಕಡಿಯಾಗಿ ಹಾದಿ ಪೂರ್ತಿ ನಡದ ಮೊದಲಿಗರೂ ಅವರೇ. ಕ್ಲಬ್ಬಿನ ಮಂದಿ ವಾರವೆಲ್ಲಾ ನೌಕರಿ ಮಾಡಿ, ಶನಿವಾರ-ರವಿವಾರ ಕೊಡಲಿ, ಬಣ್ಣದ ಡಬ್ಬಿ ಹಿಡಕೊಂಡು ಗುಡ್ಡಕ್ಕ ಹೋಗ್ತಿದ್ರು.

ಕನಸು ಕಂಡವರಿಗೂ ಕೆಲಸಾ ಮಾಡಸಿದವರಿಗೂ ಕಡಿತನಕ ಕೂಡಿಬರಲಿಲ್ಲ. ವರ್ಜೀನಿಯಾದ ಗುಡ್ಡದ ನೆತ್ತಿ ಮ್ಯಾಲೆ ಸರ್ಕಾರ ಸ್ಕೈಲೈನ್ ಡ್ರೈವ್ ಅಂತ ಮೋಟಾರ್ ರಸ್ತೆ ತಗೀತು. ಹಾದಿ ಇದ್ದ ಜಾಗಾನೇ ರಸ್ತೆಗೆ ಹೋತು. ಅಡವಿಯೊಳಗ ಮೋಟಾರ್ ಬರಲೇಬಾರದು ಅಂತ ಮಕಾಯ್ ಹಟ ಹಿಡದ್ರು. ರಸ್ತೆ ನಿಲ್ಲೂದಿಲ್ಲ, ಹಾದಿಯನ್ನ ಬಾಜೂಕ ಸರಸಿ ಜೋಡಣಿ ಉಳಸೋಣ ಅಂತ ಏವರಿ. ಇಬ್ರಿಗೂ ಮಾತೇ ನಿಂತುಹೋತು. ಅದೇ ಗುಡ್ಡದಾಗ ರಾಷ್ಟ್ರೀಯ ಉದ್ಯಾನ ಮಾಡಲಿಕ್ಕೆ ಸುಮಾರು 500 ಕುಟುಂಬ ಮನಿ-ಮಠ ಬಿಟ್ಟು ಇಳಿದು ಹೋಗಬೇಕಾತು. ಹಾದಿಯ ಕಥಿ ಹೇಳುವಾಗ ಅವರದ್ದೂ ಹೇಳಬೇಕು, ಯಾಕಂದ್ರ ಇವತ್ತು ಹಾದಿ ಆ ಉದ್ಯಾನದ ಒಳಗಿಂದನೇ ಹೋಗ್ತದ.

1937ರ ಆಗಸ್ಟ್ 14ಕ್ಕ ಮೇನ್ ರಾಜ್ಯದಾಗ ಕಡೀ ಎರಡು ಮೈಲಿ ಮುಗೀತು. ಅದನ್ನ ಕಡದವರು ಸರ್ಕಾರಿ ಕೂಲಿಯ ಹುಡುಗರು. ಹಾದಿ ಸಂಪೂರ್ಣ ಆತು ಅಂತ ಎಲ್ಲಾರೂ ಖುಷಿಪಟ್ರು. ಮರುವರ್ಷ ಸಪ್ಟೆಂಬರ್‌ನಾಗ ದೊಡ್ಡ ಚಂಡಮಾರುತ ಬಂದು ಉತ್ತರದ ಅಡವಿಯಾಗ ಗಿಡಾ ಉರುಳಿಸಿ ಹಾದಿ ಮುಚ್ಚಿತು. ದಕ್ಷಿಣದಾಗ ಇನ್ನೊಂದು ಮೋಟಾರ್ ರಸ್ತೆ ನೂರು ಮೈಲಿಗೂ ಮಿಕ್ಕಿ ಹಾದಿ ನುಂಗಿತು. ಆಮ್ಯಾಲೆ ಮಹಾಯುದ್ಧ ಬಂತು. ಗಂಡಸರು ಸೈನ್ಯಕ್ಕ ಹೋದ್ರು, ಪೆಟ್ರೋಲಿಗೆ ರೇಶನ್ ಬಂತು, ಗುಡ್ಡಕ್ಕ ಹೋಗೋರೇ ಇಲ್ಲಾಂಗ ಆತು. ನಾಕೈದು ವರ್ಷ ಯಾರೂ ಕೈ ಹಚ್ಚದಿದ್ದ ಹಿತ್ತಲ ಹೆಂಗ ಇರ್ತದ ನಿಮ್ಗ ಗೊತ್ತದ. ಅಲ್ಲೂ ಹಂಗ ಆತು, ಮುಳ್ಳು-ಕಂಟಿ ಬೆಳದು ಗುರುತು ಅಳಿಸಿಹೋದ್ವು.

1948ರಾಗ ಯುದ್ಧದಿಂದ ಮನಿಗೆ ಬಂದಿದ್ದ ಅರ್ಲ್ ಶಾಫರ್ ಅನ್ನೋ ಪೆನ್ಸಿಲ್ವೇನಿಯಾದ ಹುಡುಗ, ಯುದ್ಧದಾಗ ಸತ್ತ ಗೆಳೆಯನ ನೆನಪು ಹೊತ್ತುಕೊಂಡು, ಒಂದೇ ಹಂಗಾಮಿನೊಳಗ ಇಡೀ ಹಾದಿ ನಡದು ತೋರಿಸಿದಾ. ಸಂಘಟನಾದವರೇ ಮೊದಲಿಗೆ ನಂಬಲಿಲ್ಲ. ಕ್ಲಬ್ಬಿನವರು ಮತ್ತ ಕೊಡಲಿ ಹಿಡಕೊಂಡು ಕೂಡಿದ್ರು. 1951ರಾಗ "ಹಾದಿ ಸಂಪೂರ್ಣ" ಅಂತ ಎರಡನೇ ಸಲಾ ಹೇಳಬೇಕಾತು. ಮರುವರ್ಷ ಏವರಿ ತೀರಿಕೊಂಡ್ರು.

ಹಾದಿ ಯಾಕ ಹಿಂಗ ಅಳಿಸಿಹೋಗ್ತದ ಅಂದ್ರ ಅದಕ್ಕ ದೊಡ್ಡ ಶತ್ರು ನೀರು. ಗುಡ್ಡದ ಇಳಕಲಿನ ಹಾದಿಯೊಳಗ ಮಳಿ ನೀರು ಇಳೀಲಿಕ್ಕೆ ಹತ್ತಿದ್ರ, ಎರಡು ಮಳಿಗಾಲದಾಗ ಮಣ್ಣೆಲ್ಲಾ ಕೊಚ್ಚಿ ಹಳ್ಳಾ ಆಗ್ತದ. ಅದಕ್ಕ ಹಾದಿಗೆ ಅಡ್ಡ, ಸ್ವಲ್ಪ ಓರಿ ಮಾಡಿ, ಕಲ್ಲು ಇಲ್ಲಾ ಮರದ ತೊಲಿ ಹುಗೀತಾರ. ನೀರು ಅದಕ್ಕ ಬಡದು ಪಕ್ಕಕ್ಕ ಹರದು ಹೋಗ್ತದ. ಆದ್ರ ಎಲಿ, ರಾಡಿ ತುಂಬಿದ್ರ ಅದೂ ಕೆಲಸಕ್ಕ ಬರೂದಿಲ್ಲ. ನಮ್ಮ ಬಚ್ಚಲ ಮೋರಿ ಕಟ್ಟಿಕೊಂಡಂಗ, ಆಗಾಗ ತಗೀಲಿಕ್ಕೇ ಬೇಕು.

ಮಗಳ ಮನಿಗೆ ವರ್ಜೀನಿಯಾಕ್ಕ ಹೋದಾಗ ಇದನ್ನ ಕಣ್ಣಾರೆ ನೋಡೀನಿ. ನನ್ನ ವಾರಿಗೆಯ ಒಬ್ಬಾಕಿ ಸಲಿಕಿ ಹಿಡಕೊಂಡು ತೊಲಿ ಹಿಂದಿನ ಒದ್ದಿ ಎಲಿ ಎಳದು ಹಾಕಲಿಕ್ಕೆ ಹತ್ತಿದ್ಲು. ಮಗಳು ಮಾತಾಡಿಸಿ ನಂಗ ತಿಳಿಸಿ ಹೇಳಿದ್ಲು. ಇಂಥ ಕ್ಲಬ್ ಸುಮಾರು 30 ಅವ. ಒಂದೊಂದು ಕ್ಲಬ್ಬಿಗೆ ಹಾದಿಯ ಒಂದೊಂದು ಭಾಗ, ಅದರೊಳಗ ಒಬ್ಬೊಬ್ಬರಿಗೆ ಕೆಲವು ಮೈಲಿ ವಹಿಸಿಕೊಡ್ತಾರ. ಈಕಿಗೆ ಎರಡು ಮೈಲಿ. ವರ್ಷಕ್ಕ ನಾಕೈದು ಸಲಾ ಬಂದು ಮೋರಿ ತಗೀಬೇಕು, ಕಂಟಿ ಕಡೀಬೇಕು, ಬಿದ್ದ ಗಿಡಾ ಕೊಯ್ಯಬೇಕು, ಆಗದಿದ್ರ ಕ್ಲಬ್ಬಿಗೆ ಸುದ್ದಿ ಮುಟ್ಟಸಬೇಕು. ಗಿಡದ ಬೊಡ್ಡಿ ಮ್ಯಾಲಿನ ಗುರುತು ಮಾಸಿದ್ರ ಮತ್ತ ಬಣ್ಣಾ ಹಚ್ಚಬೇಕು: ಎರಡು ಇಂಚು ಅಗಲ, ಆರು ಇಂಚು ಉದ್ದದ ಬಿಳಿ ಪಟ್ಟಿ. ಒಂದರ ಮ್ಯಾಲೊಂದು ಎರಡು ಪಟ್ಟಿ ಇದ್ರ ಮುಂದ ತಿರುವು ಅದ ಅಂತ ಅರ್ಥ. ನೀರಿಗೆ, ವಸ್ತಿಗೆ ಹೋಗೋ ಒಳದಾರಿಗೆ ನೀಲಿ ಪಟ್ಟಿ. ಹಾದಿಗುಂಟ ಇರೋ 250ಕ್ಕೂ ಹೆಚ್ಚು ವಸ್ತಿಯ ಚಪ್ಪರ, ಅವುಗಳ ಪಾಯಖಾನಿ ನೋಡಿಕೊಳ್ಳೋದೂ ಇಂಥವರ ಪಾಲಿಗೇ. ಕೆಲವು ಅಡವಿಯೊಳಗ ಮಶೀನ್ ಗರಗಸಾ ತರಲಿಕ್ಕೆ ಕಾಯ್ದೆ ಬಿಡೂದಿಲ್ಲ. ಅಲ್ಲೆ ಇಬ್ರು ಆ ಕಡೆ ಈ ಕಡೆ ನಿಂತು ಕೈಗರಗಸಾ ಎಳೀಬೇಕು.

ಹೆಂಗಸರ ಹೆಸರು ಈ ಇತಿಹಾಸದಾಗ ಸಣ್ಣ ಅಕ್ಷರದಾಗ ಅದ. ಜೀನ್ ಸ್ಟೀಫನ್ಸನ್ ಅನ್ನೋಾಕಿ 1939ರಾಗ ಹಾದಿಯ ಸುದ್ದಿಪತ್ರಿಕೆ ಸುರು ಮಾಡಿ ಎಷ್ಟೋ ವರ್ಷ ನಡಸಿದಳು. ಯಾವ ಕ್ಲಬ್ಬಿನವರು ಎಲ್ಲೆ ಏನು ಮಾಡ್ಯಾರ ಅಂತ ಒಬ್ರದು ಒಬ್ರಿಗೆ ತಿಳಿಯೋದೇ ಅದರಿಂದ.

ಇನ್ನೊಬ್ಬಾಕಿ ಎಮಾ ಗೇಟ್‌ವುಡ್. ಒಹಾಯೋದ ಒಕ್ಕಲುತನದ ಮನಿಯಾಕಿ, 11 ಮಕ್ಕಳ ತಾಯಿ. ಗಂಡನ ಕೈಯಾಗ ವರ್ಷಾನುಗಟ್ಟಲೆ ಹೊಡತಾ ತಿಂದು, ಕಡಿಕ್ಕ ವಿಚ್ಛೇದನ ತೊಗೊಂಡಾಕಿ. 1955ರಾಗ, 67 ವರ್ಷದಾಕಿ, ಮಕ್ಕಳಿಗೆ ತಿರಗ್ಯಾಡಿ ಬರ್ತೀನಿ ಅಂತ ಅಷ್ಟ ಹೇಳಿ ಹೊಂಟಳು. ಕಾಲಾಗ ಕ್ಯಾನ್ವಾಸ್ ಬೂಟು, ಹೆಗಲಿಗೆ ಮನಿಯಾಗ ಹೊಲದ ಚೀಲಾ, ಮಳಿಗೆ ಬಚ್ಚಲದ ಪ್ಲಾಸ್ಟಿಕ್ ಪರದಾ. ಇಡೀ ಹಾದಿ ಒಬ್ಬಾಕಿನೇ ಒಂದೇ ಹಂಗಾಮಿನಾಗ ನಡದ ಮೊದಲ ಹೆಂಗಸು ಈಕಿ. ಪೇಪರಿನವರು ಮುತ್ತಿದಾಗ ತನ್ನ ಹೊಗಳಿಕಿ ಕೇಳಿಕೋತ ಕೂಡಲಿಲ್ಲ. ಗಿಡಾ ಬಿದ್ದಾವ, ಗುರುತಿಲ್ಲ, ವಸ್ತಿ ಸುಟ್ಟು ಹಾಳಾಗ್ಯಾವ ಅಂತ ಇದ್ದದ್ದು ಇದ್ದಂಗ ಹೇಳಿದಳು. ಆ ಮಾತು ದೇಶದ ತುಂಬ ಮುಟ್ಟಿತು, ಹಾದಿಯ ಕಡೆ ಮಂದಿಯ ಲಕ್ಷ್ಯ ಹೋತು. ಬರೇ ಹೇಳಿ ಬಿಡಲಿಲ್ಲ. ಮುಂದ ಒಹಾಯೋದಾಗ ಬಕಾಯ್ ಟ್ರೇಲ್ ಅನ್ನೋ ಹಾದಿ ಸುರುವಾದಾಗ ತಾನೂ ಕೈಗೂಡಿಸಿದಳು. ತನ್ನ ಜಿಲ್ಲಾದಾಗ ತಾನೇ ಕಂಟಿ ಕಡದು ಗುರುತು ಹಚ್ಚಿದಳು.

ಸರ್ಕಾರ ಬಂದದ್ದು ತಡಾ. 1968ರ ಕಾಯ್ದೆ ಇದನ್ನ ರಾಷ್ಟ್ರೀಯ ಹಾದಿ ಅಂತ ಮಾಡಿತು, 1978ರಿಂದ ಜಮೀನು ಕೊಳ್ಳಲಿಕ್ಕೆ ದೊಡ್ಡ ರೊಕ್ಕಾ ಕೊಟ್ಟಿತು. ಜಮೀನು ಕೊಡಲಿಕ್ಕೆ ಮನಸಿಲ್ಲದೇ ಕೊಟ್ಟವರೂ ಇದ್ರು. ಆದ್ರ 1984ರಾಗ ಒಂದು ಅಪರೂಪದ ಒಪ್ಪಂದ ಆತು. ಸರ್ಕಾರ ಕೊಂಡ ಹಾದಿಯ ಜಮೀನು ನೋಡಿಕೊಳ್ಳೋ ಜವಾಬ್ದಾರಿಯನ್ನ ಸರ್ಕಾರನೇ ಈ ಸಂಘಟನಾಕ್ಕ ಬಿಟ್ಟುಕೊಟ್ಟಿತು. ಪಗಾರ ಇಲ್ಲದವರ ಕೈಗೆ ಇಷ್ಟು ದೊಡ್ಡ ಆಸ್ತಿ ಕೊಟ್ಟದ್ದು, ಅವರು ಅದನ್ನ ಕೆಡಸದ ಇಟ್ಟದ್ದು, ನಂಗ ಈ ಕಥಿಯಾಗ ಎಲ್ಲಾಕಿಂತ ದೊಡ್ಡದು ಅನಸ್ತದ.

ಕೆಲಸಾ ಮುಗೀತು ಅನ್ನೋ ದಿನಾ ಮಾತ್ರ ಬರೂದಿಲ್ಲ. 2024ರ ಸಪ್ಟೆಂಬರ್‌ನಾಗ ಹೆಲೀನ್ ಚಂಡಮಾರುತ ಬಂದು ದಕ್ಷಿಣದ ನೂರಾರು ಮೈಲಿ ಹಾದಿ ಕೆಡವಿತು. ಟೆನಿಸಿಯ ಅರ್ವಿನ್ ಊರಿನ ಹತ್ರ ನೊಲಿಚಕಿ ನದಿಯ ಸೇತುವೆ ಕೊಚ್ಚಿ ಹೋತು. ಮುಂದಿನ ವರ್ಷ ನಡಿಯೋರನ್ನ ದೋಣಿಯಾಗ ದಾಟಿಸಿದ್ರು. ಕ್ಲಬ್ಬಿನವರು ಮತ್ತ ಗರಗಸಾ ಹಿಡಕೊಂಡು ಬಂದ್ರು, ಅವರೊಳಗ ತಲಿ ಹಣ್ಣಾದವರೇ ರಗಡ.

ನಿಮ್ಮ ಮಗಾ-ಮಗಳು ಆ ಕಡೆ ಇದ್ರ ಒಂದು ಮಾತು ಹೇಳ್ರಿ. ಹಾದಿ ನಡಿಯೋ ರವಿವಾರದಾಗ ಒಂದು ರವಿವಾರ ಸಲಿಕಿನೂ ಹಿಡೀಲಿ. ಹತಾರ ಕ್ಲಬ್ಬಿನವರೇ ಕೊಡ್ತಾರ, ಕೆಲಸಾ ಅವರೇ ಕಲಸ್ತಾರ. ಬುತ್ತಿ ಅಷ್ಟ ಮನಿಯಿಂದ ಒಯ್ಯಬೇಕು.